ರೇಡಿಯೊದಲ್ಲಿ ಕೇಳಿಸದ ಆದೇಶ: ರೇಸ್‌ನಲ್ಲಿ ‘ಸೆಟ್ಟಿಂಗ್’ ಅನುಮಾನ ಯಾಕೆ ಸಾಯುವುದಿಲ್ಲ?

2025ರ ನವೆಂಬರ್ 30, ಕತಾರ್‌ನ ಲುಸೈಲ್ ಟ್ರ್ಯಾಕ್. ಫಾರ್ಮುಲಾ ಒನ್ ರೇಸ್‌ನ ಕೊನೆಯ ಹಿಂದಿನ ಸುತ್ತು. ನಾಲ್ಕನೇ ಸ್ಥಾನದಲ್ಲಿದ್ದ ಮರ್ಸಿಡಿಸ್‌ನ ಕಿಮಿ ಆಂಟೊನೆಲ್ಲಿ ಅವರ ಕಾರು ಒಂದು ತಿರುವಿನಲ್ಲಿ ಜಾರಿ ಹೊರಬದಿಗೆ ಸರಿದುಹೋಯಿತು. ಹಿಂದೆಯೇ ಇದ್ದ ಮೆಕ್‌ಲಾರೆನ್‌ನ ಲ್ಯಾಂಡೊ ನಾರಿಸ್ ಸಂದು ಸಿಕ್ಕಿದ್ದೇ ಮುಂದೆ ದಾಟಿದರು. ಐದನೇ ಸ್ಥಾನಕ್ಕೆ 10 ಅಂಕ, ನಾಲ್ಕನೆಯದಕ್ಕೆ 12. ಬರೀ ಎರಡು ಅಂಕದ ವ್ಯತ್ಯಾಸ. ಆದರೆ ಒಂದು ವಾರದ ನಂತರ ಅಬುಧಾಬಿಯಲ್ಲಿ ವರ್ಷದ ಲೆಕ್ಕ ಮುಗಿದಾಗ ನಾರಿಸ್ 423, ರೆಡ್‌ಬುಲ್‌ನ ಮ್ಯಾಕ್ಸ್ ವರ್ಸ್ಟಾಪನ್ 421. ಆ ಎರಡು ಅಂಕ ಇಲ್ಲದಿದ್ದರೆ ಇಬ್ಬರೂ ಸಮ. ಸಮ ಆದರೆ ಜಾಸ್ತಿ ರೇಸ್ ಗೆದ್ದವರಿಗೆ ಪಟ್ಟ. ಆ ವರ್ಷ ವರ್ಸ್ಟಾಪನ್ ಗೆದ್ದಿದ್ದು 8, ನಾರಿಸ್ 7.

ಇಷ್ಟು ಸಾಕಲ್ವಾ ಅನುಮಾನಕ್ಕೆ? ಮೆಕ್‌ಲಾರೆನ್ ಕಾರಿಗೆ ಎಂಜಿನ್ ಕೊಡುವುದು ಮರ್ಸಿಡಿಸ್. ವಿಜಯಪುರದ ಸ್ಟೇಷನ್ ರೋಡಿನ ಕಡೆ ನಾನು ಬೈಕ್ ಸರ್ವಿಸಿಗೆ ಬಿಡುವ ಗ್ಯಾರೇಜಿನ ಹುಡುಗ ಮೊಬೈಲಿನಲ್ಲಿ ಒಂದು ರೇಸೂ ಬಿಡುವುದಿಲ್ಲ. ಸ್ಪ್ಯಾನರ್ ಕೆಳಗಿಡದೆಯೇ ತೀರ್ಪು ಕೊಟ್ಟ: ‘ಎಂಜಿನ್ ಯಾರದ್ರಿ ಸರ್? ಎರಡಕ್ಕೂ ಒಂದ ಕಂಪನೀದು. ಮ್ಯಾಲಿಂದ ಮಾತು ಬಂದಿರ್ತೈತಿ, ಬಿಡ್ರಿ.’

ಅವನನ್ನು ಬೈಯುವ ಹಾಗಿಲ್ಲ. ಸ್ವತಃ ರೆಡ್‌ಬುಲ್ ತಂಡದ ಎಂಜಿನಿಯರ್ ಆಗಲೇ ರೇಡಿಯೊದಲ್ಲಿ ವರ್ಸ್ಟಾಪನ್‌ಗೆ, ಆಂಟೊನೆಲ್ಲಿ ಜಾಗ ಬಿಟ್ಟುಕೊಟ್ಟ ಹಾಗೆ ಕಾಣಿಸುತ್ತಿದೆ ಎಂದಿದ್ದರು. ತಂಡದ ಸಲಹೆಗಾರ ಹೆಲ್ಮುಟ್ ಮಾರ್ಕೊ ಕೂಡ ಅದೇ ಧಾಟಿಯಲ್ಲಿ ಮಾತಾಡಿದರು. ಮರುದಿನ ರೀಪ್ಲೇ ನೋಡಿದ ರೆಡ್‌ಬುಲ್, ಅದು ಬೇಕೆಂದೇ ಮಾಡಿದ್ದಲ್ಲ, ಕಾರು ಹಿಡಿತ ತಪ್ಪಿದ್ದು ಎಂದು ಹೇಳಿಕೆ ಕೊಟ್ಟು ಮಾತು ವಾಪಸ್ ತೆಗೆದುಕೊಂಡಿತು. ಅಷ್ಟರಲ್ಲಿ 19 ವರ್ಷದ ಆ ಹುಡುಗನಿಗೆ ಜಾಲತಾಣಗಳಲ್ಲಿ ಬೈಗುಳ, ಕೊಲೆ ಬೆದರಿಕೆಗಳ ಸುರಿಮಳೆ ಆಗಿಹೋಗಿತ್ತು. ಸುಮ್ನೆ ಒಂದು ಕ್ಷಣ ಲೆಕ್ಕ ಹಾಕಿದ್ದರೂ ಗೊತ್ತಾಗುತ್ತಿತ್ತು: ತಂಡಗಳ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಮರ್ಸಿಡಿಸ್ ಹೋರಾಡುತ್ತಿದ್ದದ್ದು ಇದೇ ರೆಡ್‌ಬುಲ್ ಜೊತೆ. ಒಂದು ಸ್ಥಾನ ಬಿಟ್ಟುಕೊಟ್ಟರೆ ಕೋಟಿಗಟ್ಟಲೆ ಬಹುಮಾನದ ಹಣ ಅಪಾಯಕ್ಕೆ. ಎಂಜಿನ್ ಗಿರಾಕಿಗೋಸ್ಕರ ಯಾರು ಅಷ್ಟು ಕೈ ಸುಟ್ಟುಕೊಳ್ಳುತ್ತಾರೆ?

ಈಗ ಅದೇ ವರ್ಷದ ಇನ್ನೊಂದು ರೇಸ್ ನೋಡಿ. ಸೆಪ್ಟೆಂಬರ್ 7, ಇಟಲಿಯ ಮೊನ್ಜಾ. ವರ್ಸ್ಟಾಪನ್ ಎಲ್ಲರಿಗಿಂತ ದೂರ ಮುಂದೆ. ಎರಡರಲ್ಲಿ ನಾರಿಸ್, ಮೂರರಲ್ಲಿ ಅದೇ ತಂಡದ ಆಸ್ಕರ್ ಪಿಯಾಸ್ಟ್ರಿ. ಸಾಮಾನ್ಯವಾಗಿ ಮುಂದಿರುವವನಿಗೆ ಮೊದಲು ಟೈರ್ ಬದಲಿಸುವ ಹಕ್ಕು. ಇಲ್ಲಿ ಪಿಯಾಸ್ಟ್ರಿಯನ್ನು ಮೊದಲು ಕರೆದರು. ಇದರಿಂದ ನಿನ್ನ ಜಾಗ ಹೋಗುವುದಿಲ್ಲ ಎಂಬ ಭರವಸೆ ನಾರಿಸ್‌ಗೆ ಇತ್ತು. ಮುಂದಿನ ಸುತ್ತಿನಲ್ಲಿ ನಾರಿಸ್ ಬಂದಾಗ ಒಂದು ಚಕ್ರ ಕೈಕೊಟ್ಟಿತು. ಎರಡು, ಎರಡೂವರೆ ಸೆಕೆಂಡಿನಲ್ಲಿ ಮುಗಿಯಬೇಕಾದ ಕೆಲಸಕ್ಕೆ 5.9 ಸೆಕೆಂಡ್ ಹಿಡಿಯಿತು. ಹೊರಗೆ ಬರುವಷ್ಟರಲ್ಲಿ ಪಿಯಾಸ್ಟ್ರಿ ಮುಂದೆ. ಆಮೇಲೆ ಪಿಯಾಸ್ಟ್ರಿಗೆ ರೇಡಿಯೊದಲ್ಲಿ ನೇರವಾಗಿ ಹೇಳಿದರು, ಜಾಗ ವಾಪಸ್ ಕೊಡು ಅಂತ. ನಿಧಾನದ ಪಿಟ್ ಸ್ಟಾಪ್ (ಟೈರ್ ಬದಲಿಸುವ ನಿಲುಗಡೆ) ಕೂಡ ರೇಸಿನ ಭಾಗ ಅಂತ ನಾವು ಮಾತಾಡಿಕೊಂಡಿದ್ದೆವಲ್ಲ ಎಂದು ಪಿಯಾಸ್ಟ್ರಿ ಗೊಣಗಿದರು, ಆದರೂ ಬಿಟ್ಟುಕೊಟ್ಟರು. ಮುಂದೆ ಇದ್ದ ವರ್ಸ್ಟಾಪನ್‌ಗೆ ಈ ಸುದ್ದಿ ಮುಟ್ಟಿಸಿದಾಗ ಅವರು ನಕ್ಕೇಬಿಟ್ಟರು.

ನಕ್ಕಿದ್ದು ಆಮೇಲೆ ದುಬಾರಿ ಆಯಿತು. ಆ ಬದಲಾವಣೆಯಿಂದ ನಾರಿಸ್‌ಗೆ 15ರ ಬದಲು 18 ಅಂಕ ಬಂತು. ವರ್ಷದ ಕೊನೆಯ 423ರಿಂದ ಆ ಮೂರು ತೆಗೆದರೆ 420. ವರ್ಸ್ಟಾಪನ್ 421. ಅಂದರೆ ಕಾಗದದ ಮೇಲೆ ಮೊನ್ಜಾದ ಆ ಒಂದು ಆದೇಶವೇ ವಿಶ್ವ ಚಾಂಪಿಯನ್ ಯಾರೆಂದು ಬರೆದಿದೆ. ಹಾಗಂತ ಪೂರ್ತಿ ನಂಬುವುದೂ ಬೇಡ. ಅಬುಧಾಬಿಯಲ್ಲಿ ವರ್ಸ್ಟಾಪನ್ ಗೆದ್ದರು, ಪಿಯಾಸ್ಟ್ರಿ ಎರಡು, ನಾರಿಸ್ ಮೂರು. ಮೂರನೇ ಸ್ಥಾನ ಸಾಕು ಅಂತ ಗೊತ್ತಿದ್ದೇ ನಾರಿಸ್ ಓಡಿಸಿದರು. ಸಾಲದಿದ್ದರೆ ಪಿಯಾಸ್ಟ್ರಿಗೆ ಮತ್ತೊಂದು ರೇಡಿಯೊ ಸಂದೇಶ ಹೋಗುತ್ತಿತ್ತು, ಅಷ್ಟೇ.

ಎರಡೂ ಘಟನೆ ಪಕ್ಕಪಕ್ಕ ಇಟ್ಟು ನೋಡಿ. ಆದೇಶ ಇದ್ದ ಕಡೆ ಜಗತ್ತೇ ಅದನ್ನು ಕಿವಿಯಾರೆ ಕೇಳಿತು, ಒಂದು ವಾರ ಜಗಳ ಆಡಿ ಮುಂದೆ ಹೋಯಿತು. ಆದೇಶ ಇಲ್ಲದ ಕಡೆ ಕೊಲೆ ಬೆದರಿಕೆ. ಜನಕ್ಕೆ ಸಿಟ್ಟು ಬರುವುದು ಆದೇಶದ ಮೇಲಲ್ಲ, ಮುಚ್ಚುಮರೆಯ ಮೇಲೆ. ಮುಚ್ಚುಮರೆ ಇಲ್ಲದ ಕಡೆಯೂ ಜನ ಅದನ್ನೇ ಹುಡುಕುತ್ತಾರೆ ಅಂದರೆ ಅದಕ್ಕೆ ಕಾರಣ ಈ ಆಟದ ಹಳೆಯ ಸುಳ್ಳುಗಳು. ಆ ಸಾಲದ ಬಡ್ಡಿಯನ್ನು ಈಗ ಆಂಟೊನೆಲ್ಲಿಯಂಥವರು ಕಟ್ಟುತ್ತಿದ್ದಾರೆ.

ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ನಮ್ಮದು ಸೈಕಲ್ ನಾಡು. ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆ, ನಮ್ಮ ಎರಡು ಜಿಲ್ಲೆಗಳ ಕ್ರೀಡಾ ಹಾಸ್ಟೆಲ್‌ಗಳಿಂದ ರಾಷ್ಟ್ರಮಟ್ಟಕ್ಕೆ ಹೋದ ಸೈಕ್ಲಿಸ್ಟ್‌ಗಳು ಒಬ್ಬಿಬ್ಬರಲ್ಲ. ಬೆಳಿಗ್ಗೆ ಸೊಲ್ಲಾಪುರ ರಸ್ತೆಗೆ ಹೋದರೆ ಒಬ್ಬರ ಹಿಂದೊಬ್ಬರು ಸಾಲುಗಟ್ಟಿ ಹೋಗುವ ಹುಡುಗರು ಕಾಣುತ್ತಾರೆ. ಮುಂದಿನವನು ಎದೆಗೊಟ್ಟು ಗಾಳಿ ಸೀಳುತ್ತಾನೆ. ಹಿಂದಿನವನ ಶ್ರಮ ಹೆಚ್ಚು ಕಡಿಮೆ ಮೂರನೇ ಒಂದರಷ್ಟು ಉಳಿಯುತ್ತದೆ. ಸ್ವಲ್ಪ ಹೊತ್ತಿಗೆ ಮುಂದಿನವನು ಮೊಣಕೈ ಅಲ್ಲಾಡಿಸಿ ಪಕ್ಕಕ್ಕೆ ಸರಿದು ಸಾಲಿನ ತುದಿಗೆ ಹೋಗುತ್ತಾನೆ. ರೇಸಿನ ದಿನ ಒಬ್ಬನನ್ನು ಗೆಲ್ಲಿಸಲು ಉಳಿದವರು ಹೀಗೇ ಗಾಳಿ ತಿನ್ನುತ್ತಾರೆ.

ನನ್ನ ಅಕ್ಕನ ಮಗ ಹಾಸ್ಟೆಲ್‌ನಲ್ಲಿದ್ದು ಸೈಕಲ್ ಹೊಡೆದವನು. ಮೊನ್ಜಾ ಗಲಾಟೆ ಅವನಿಗೆ ವಿಚಿತ್ರ ಅನ್ನಿಸಿತು. ‘ಮಾಮಾ, ಇದ್ರಾಗ ಕಳ್ಳತನ ಏನೈತಿ? ನಮ್ಮಾಗ ಸ್ಟಾರ್ಟಿಗೆ ನಿಲ್ಲೂ ಮೊದ್ಲ ಮಾತಾಗಿರ್ತೈತಿ, ಇವತ್ತ ಯಾರಿಗೆ ಹೊಡಸೂದು ಅಂತ.’ ಮತ್ತೆ ಅನುಮಾನ ಯಾವಾಗ ಬರುತ್ತೆ ಅಂದೆ. ‘ಬ್ಯಾರೆ ಟೀಮಿನಾಂವ ಬಂದು ನಮ್ಮಾವಂಗ ಗಾಳಿ ಕೊಟ್ಟಾ ಅಂದ್ರ ಆವಾಗ ಕೇಳಬೇಕು ನೋಡ್ರಿ, ಎಷ್ಟು ಕೊಟ್ರು ಅಂತ.’

ಅವನ ಗೆರೆ ಸರಿಯಾದ ಕಡೆಯೇ ಬಿದ್ದಿದೆ. ಆದರೆ ಫಾರ್ಮುಲಾ ಒನ್ ಪೂರ್ತಿ ಸೈಕಲ್ ರೇಸ್ ಅಲ್ಲ. ಅಲ್ಲಿ ಒಂದೇ ರೇಸಿನಲ್ಲಿ ಎರಡು ಪಂದ್ಯ ನಡೆಯುತ್ತವೆ: ಒಂದು ಚಾಲಕರದು, ಒಂದು ತಂಡಗಳದು. ಮೊದಲ ಸ್ಥಾನಕ್ಕೆ 25, ಎರಡನೆಯದಕ್ಕೆ 18. ಒಂದೇ ತಂಡದ ಇಬ್ಬರು ಒಂದು, ಎರಡು ಬಂದರೆ ಯಾರು ಮುಂದಿದ್ದರೂ ತಂಡಕ್ಕೆ 43. ಬಹುಮಾನದ ಹಣ ಹಂಚಿಕೆ ತಂಡದ ಅಂಕದ ಮೇಲೆ. ಹಾಗಾಗಿ ಮಾಲೀಕರಿಗೆ ಇಬ್ಬರು ಡಿಕ್ಕಿ ಹೊಡೆದುಕೊಳ್ಳದಿದ್ದರೆ ಸಾಕು. ಚಾಲಕನಿಗೆ ಹಾಗಲ್ಲ. ಅವನ ಕೈಯಲ್ಲಿರುವಂಥದೇ ಕಾರು ಜಗತ್ತಿನಲ್ಲಿ ಇನ್ನೊಬ್ಬನ ಕೈಯಲ್ಲಿ ಮಾತ್ರ ಇದೆ. ಅವನನ್ನು ಸೋಲಿಸದಿದ್ದರೆ ಬೆಲೆ ಇಲ್ಲ. ತಂಡ ಹೇಳುವುದಕ್ಕೂ ಚಾಲಕ ಬಯಸುವುದಕ್ಕೂ ಹೀಗೆ ಹುಟ್ಟಿನಿಂದಲೇ ಜಗಳ.

ಹಿಂದೆ ಇದನ್ನು ಯಾರೂ ಮುಚ್ಚಿಡುತ್ತಿರಲಿಲ್ಲ. 1956ರಲ್ಲಿ ಇದೇ ಮೊನ್ಜಾದಲ್ಲಿ ಪೀಟರ್ ಕಾಲಿನ್ಸ್ ತಾವಾಗಿಯೇ ಕಾರಿನಿಂದ ಇಳಿದು ತಂಡದ ಹಿರಿಯ ಹ್ವಾನ್ ಮಾನುಯೆಲ್ ಫಾಂಜಿಯೊಗೆ ಕಾರು ಕೊಟ್ಟರು. ಫಾಂಜಿಯೊ ಆ ವರ್ಷ ಚಾಂಪಿಯನ್ ಆದರು. ಜನ ಕಾಲಿನ್ಸ್‌ರನ್ನು ಹೊಗಳಿದರು. ಕೆಟ್ಟಿದ್ದು 2002ರಲ್ಲಿ, ಆಸ್ಟ್ರಿಯಾದಲ್ಲಿ. ರೇಸ್ ಪೂರ್ತಿ ಮುಂದಿದ್ದ ಫೆರಾರಿಯ ರೂಬೆನ್ಸ್ ಬ್ಯಾರಿಕೆಲ್ಲೊ ಕೊನೆಯ ಸುತ್ತಿನಲ್ಲಿ, ಗೆರೆ ಕಣ್ಣೆದುರು ಇರುವಾಗ ವೇಗ ತಗ್ಗಿಸಿದರು. ಮೈಕಲ್ ಶುಮಾಕರ್ 0.182 ಸೆಕೆಂಡಿನಿಂದ ಗೆದ್ದರು. ಅದು ಆ ವರ್ಷದ ಆರನೇ ರೇಸ್. ಶುಮಾಕರ್ ಆಗಲೇ ಅಂಕಪಟ್ಟಿಯಲ್ಲಿ ತುಂಬಾ ಮುಂದಿದ್ದರು, ಈ ಗೆಲುವಿನ ಅಗತ್ಯವೇ ಇರಲಿಲ್ಲ. ಪ್ರೇಕ್ಷಕರು ಕೂಗಿ ಛೀಮಾರಿ ಹಾಕಿದರು. ಗಾಬರಿಯಾದ ಶುಮಾಕರ್ ಪೋಡಿಯಂನಲ್ಲಿ ಬ್ಯಾರಿಕೆಲ್ಲೊ ಅವರನ್ನೇ ಮೊದಲ ಮೆಟ್ಟಿಲಿಗೆ ತಳ್ಳಿದರು. ತಮಾಷೆ ಏನು ಗೊತ್ತಾ? ಆಡಳಿತ ಸಂಸ್ಥೆ ಎಫ್‌ಐಎ ಹಾಕಿದ 10 ಲಕ್ಷ ಡಾಲರ್ ದಂಡ ಆದೇಶಕ್ಕಲ್ಲ, ಪೋಡಿಯಂನ ಶಿಷ್ಟಾಚಾರ ಮುರಿದದ್ದಕ್ಕೆ! ಆದೇಶ ಕೊಡಬಾರದು ಎಂಬ ನಿಯಮವೇ ಆಗ ಇರಲಿಲ್ಲ.

ನಿಯಮ ಬಂತು, 2003ರಿಂದ. ರೇಸಿನ ಫಲಿತಾಂಶ ಬದಲಿಸುವ ತಂಡದ ಆದೇಶ ನಿಷೇಧ. ನನ್ನ ಪ್ರಕಾರ ರೋಗ ಶುರುವಾಗಿದ್ದೇ ಈ ಔಷಧಿಯಿಂದ. ಆದೇಶ ನಿಲ್ಲಲಿಲ್ಲ, ಅದಕ್ಕೆ ವೇಷ ಬಂತು. ಇಂಧನ ಉಳಿಸು, ಎಂಜಿನ್ ಬಿಸಿಯಾಗಿದೆ, ಟೈರ್ ನೋಡಿಕೋ ಎನ್ನುವ ಮಾತುಗಳಿಗೆಲ್ಲ ಎರಡೆರಡು ಅರ್ಥ ಹುಟ್ಟಿಕೊಂಡವು. 2010ರ ಜುಲೈ 25ರಂದು ಜರ್ಮನಿಯ ಹಾಕನ್‌ಹೈಮ್‌ನಲ್ಲಿ ಫೆರಾರಿಯ ಫೆಲಿಪೆ ಮಸ್ಸಾ ಮುಂದಿದ್ದರು. ಸರಿಯಾಗಿ ಒಂದು ವರ್ಷದ ಹಿಂದೆ, ಅದೇ ತಾರೀಕಿಗೆ, ಹಂಗೇರಿಯಲ್ಲಿ ತಲೆಗೆ ಸ್ಪ್ರಿಂಗ್ ಬಡಿದು ಸಾವಿನ ಬಾಯಿಂದ ಬದುಕಿ ಬಂದವರು ಅವರು. ರೇಡಿಯೊದಲ್ಲಿ ಅವರ ಎಂಜಿನಿಯರ್ ರಾಬ್ ಸ್ಮೆಡ್ಲಿ ಒಂದೊಂದೇ ಪದ ಬಿಡಿಬಿಡಿಯಾಗಿ ಹೇಳಿದರು: ಫರ್ನಾಂಡೊ ನಿನಗಿಂತ ವೇಗವಾಗಿದ್ದಾನೆ, ಅರ್ಥ ಆಯ್ತು ಅಂತ ಖಚಿತಪಡಿಸು. ಮಸ್ಸಾ ಒಂದು ತಿರುವಿನಿಂದ ಹೊರಬರುವಾಗ ವೇಗ ಏರಿಸಲಿಲ್ಲ. ಹಿಂದಿದ್ದ ಜೊತೆಗಾರ ಫರ್ನಾಂಡೊ ಅಲೊನ್ಸೊ ದಾಟಿದರು. ಆಮೇಲೆ ಅದೇ ಸ್ಮೆಡ್ಲಿ ರೇಡಿಯೊದಲ್ಲಿ ಮಸ್ಸಾಗೆ ಸಾರಿ ಹೇಳಿದ್ದೂ ಕೇಳಿಸಿತು.

ಅದು ಆದೇಶ ಅಂತ ಮಕ್ಕಳಿಗೂ ಗೊತ್ತಾಯಿತು. ಆದರೆ ವಾಕ್ಯದಲ್ಲಿ ಆದೇಶ ಇಲ್ಲ! ಬರೀ ಮಾಹಿತಿ ಇದೆ. ಫೆರಾರಿ ಕೂಡ, ನಿರ್ಧಾರ ಮಸ್ಸಾ ಅವರದೇ ಎಂದಿತು. ಒಂದು ಲಕ್ಷ ಡಾಲರ್ ದಂಡ ಬಿತ್ತು, ಫಲಿತಾಂಶ ಹಾಗೇ ಉಳಿಯಿತು. ಜಾರಿ ಮಾಡಲು ಆಗದ ನಿಯಮ ಅಂತ ಒಪ್ಪಿಕೊಂಡ ಎಫ್‌ಐಎ 2011ರಿಂದ ಅದನ್ನು ತೆಗೆದೇಹಾಕಿತು. ಆಟಕ್ಕೆ ಕೆಟ್ಟ ಹೆಸರು ತರಬಾರದು ಎಂಬ ಸಾಮಾನ್ಯ ಕಲಂ ಮಾತ್ರ ಉಳಿಯಿತು. ಈಗ ಆದೇಶ ಕಾನೂನುಬದ್ಧ. ಎಂಟು ವರ್ಷ ಗುಟ್ಟಾಗಿ ಮಾತಾಡಲು ಕಲಿತವರು ನಿಯಮ ಹೋದ ಮಾತ್ರಕ್ಕೆ ಅದನ್ನು ಮರೆಯಲಿಲ್ಲ.

ಆ ಎಂಟು ವರ್ಷಗಳ ನಡುವೆಯೇ ಎಲ್ಲಕ್ಕಿಂತ ಹೊಲಸು ಕೆಲಸ ನಡೆದದ್ದು. 2008ರ ಸಿಂಗಪುರ, ಫಾರ್ಮುಲಾ ಒನ್‌ನ ಮೊದಲ ರಾತ್ರಿ ರೇಸ್. ಆಗ ರೆನೊ ತಂಡದಲ್ಲಿದ್ದ ಅಲೊನ್ಸೊ 15ನೇ ಸ್ಥಾನದಿಂದ ಹೊರಟು ಬೇಗನೇ ಟೈರ್ ಬದಲಿಸಿಕೊಂಡರು. ಸ್ವಲ್ಪ ಹೊತ್ತಿಗೇ ಅದೇ ತಂಡದ ನೆಲ್ಸನ್ ಪಿಕೆ ಜೂನಿಯರ್ ಗೋಡೆಗೆ ಗುದ್ದಿದರು. ಅಪಘಾತವಾದಾಗ ಎಲ್ಲರನ್ನೂ ನಿಧಾನವಾಗಿ ಸಾಲಾಗಿ ನಡೆಸುವ ಸೇಫ್ಟಿ ಕಾರ್ ಬಂತು, ಇನ್ನೂ ಟೈರ್ ಬದಲಿಸದಿದ್ದವರ ಲೆಕ್ಕ ತಲೆಕೆಳಗಾಯಿತು, ಅಲೊನ್ಸೊ ಗೆದ್ದರು. ಗುದ್ದಿದ್ದು ತಂಡದವರು ಹೇಳಿಯೇ ಎಂಬುದು ಹೊರಬಂದದ್ದು ಮರುವರ್ಷ, ಅದೂ ಪಿಕೆ ಕೆಲಸ ಕಳೆದುಕೊಂಡ ಮೇಲೆ. ತಂಡದ ಮುಖ್ಯಸ್ಥ ಫ್ಲಾವಿಯೊ ಬ್ರಿಯಾಟೊರೆ ಮತ್ತು ಎಂಜಿನಿಯರ್ ಪ್ಯಾಟ್ ಸಿಮಂಡ್ಸ್ ಮೇಲೆ ನಿಷೇಧ ಬಿತ್ತು. ಅದನ್ನೂ 2010ರಲ್ಲಿ ಫ್ರಾನ್ಸಿನ ಕೋರ್ಟ್ ರದ್ದು ಮಾಡಿತು. ಆ ಗೊಂದಲದಲ್ಲಿ ಮುಂದಿದ್ದ ಮಸ್ಸಾ ಅಂಕವಿಲ್ಲದೆ ಉಳಿದರು, ವರ್ಷದ ಕೊನೆಗೆ ಒಂದೇ ಅಂಕದಿಂದ ಪಟ್ಟ ಕಳೆದುಕೊಂಡರು. ಮಸ್ಸಾ ಹಣೆಬರಹವೇ ಹಾಗೆ ಕಾಣುತ್ತೆ.

ಒಬ್ಬ ಚಾಲಕ ಬೇಕೆಂದೇ ಗೋಡೆಗೆ ಗುದ್ದಿದ್ದನ್ನು ಒಂದು ವರ್ಷ ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿಡಬಹುದು ಅಂತಾದರೆ, ತಿರುವಿನಲ್ಲಿ ಜಾರಿದವನನ್ನು ಜನ ಹೇಗೆ ನಂಬಬೇಕು? ಗ್ಯಾರೇಜಿನ ಹುಡುಗನ ಅನುಮಾನಕ್ಕೆ ಇದೇ ತಾಯಿಬೇರು.

ಗುಟ್ಟಿನ ದಾರಿಗಳು ರೇಡಿಯೊ ಒಂದೇ ಅಲ್ಲ. ಬೈಕ್ ರೇಸ್ ಮೋಟೊಜಿಪಿಯಲ್ಲಿ 2017ರ ಮಲೇಷ್ಯಾ ಸುತ್ತಿನಲ್ಲಿ ಡುಕಾಟಿಯ ಹೊರ್ಹೆ ಲೊರೆಂಜೊ ಮುಂದಿದ್ದರು. ಪಟ್ಟಕ್ಕೆ ಹೋರಾಡುತ್ತಿದ್ದದ್ದು ಹಿಂದಿದ್ದ ಜೊತೆಗಾರ ಆಂಡ್ರಿಯಾ ಡೊವಿಜಿಯೊಸೊ. ಲೊರೆಂಜೊ ಅವರ ಬೈಕಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಸಂದೇಶ ಬಂತು: ಮ್ಯಾಪಿಂಗ್ 8 ಸೂಕ್ತ. ಮ್ಯಾಪಿಂಗ್ ಅಂದರೆ ಎಂಜಿನ್ ಹೇಗೆ ಶಕ್ತಿ ಕೊಡಬೇಕೆಂಬ ಸೆಟ್ಟಿಂಗ್. ಆಮೇಲೆ ಲೊರೆಂಜೊ ಒಂದು ತಿರುವಿನಲ್ಲಿ ಹೊರಬದಿಗೆ ಸರಿದುಹೋದರು, ಡೊವಿಜಿಯೊಸೊ ಗೆದ್ದರು. ಮುಂದಿನ ವೆಲೆನ್ಸಿಯಾ ರೇಸಿನಲ್ಲೂ ಅದೇ ಸಂದೇಶ. ಅಲ್ಲಿ ಲೊರೆಂಜೊ ಜಗ್ಗಲಿಲ್ಲ. ಬಾಡಿಗೆ ಮನೆ ಬಿಡಿಸಲು ನಲ್ಲಿ ನೀರು ನಿಲ್ಲಿಸುವ ಮಾಲೀಕನ ಜಾಣತನ ಇದು, ಬಾಯಿಬಿಟ್ಟು ಹೋಗು ಅನ್ನಲಿಲ್ಲವಲ್ಲ!

ಅದಕ್ಕಿಂತ ಸೂಕ್ಷ್ಮ ಪಿಟ್ ಸ್ಟಾಪ್. ಹೊಸ ಟೈರ್ ಹಾಕಿದ ಕಾರು ಹಳೆಯದಕ್ಕಿಂತ ಸುತ್ತಿಗೆ ಒಂದೆರಡು ಸೆಕೆಂಡ್ ವೇಗ ಹೋಗಬಲ್ಲದು. ಹಿಂದಿನವನನ್ನು ಮೊದಲು ಕರೆದು ಟೈರ್ ಹಾಕಿ ಕಳಿಸಿದರೆ ಮುಂದಿನವನು ಪಿಟ್‌ಗೆ ಬಂದು ಹೋಗುವಷ್ಟರಲ್ಲಿ ಜಾಗ ಅದಲುಬದಲು. ರೇಡಿಯೊದಲ್ಲಿ ಒಂದು ಮಾತೂ ಬೇಕಿಲ್ಲ. 2024ರ ಹಂಗೇರಿಯಲ್ಲಿ ಹಾಗೇ ಆಯಿತು. ಪಿಯಾಸ್ಟ್ರಿ ಮುಂದಿದ್ದರೂ ನಾರಿಸ್‌ರನ್ನು ಮೊದಲು ಕರೆದರು. ಹಿಂದಿನಿಂದ ಬರುವ ಬೇರೆ ತಂಡದವರಿಂದ ಕಾಪಾಡಲು ಅಂದರು. ನಾರಿಸ್ ಮುಂದೆ ಬಂದರು. ವಾಪಸ್ ಕೊಡು ಅಂತ ಎಂಜಿನಿಯರ್ ಸುತ್ತುಗಟ್ಟಲೆ ಅಂಗಲಾಚಬೇಕಾಯಿತು. 70 ಸುತ್ತಿನ ರೇಸಿನ 68ನೇ ಸುತ್ತಿನಲ್ಲಿ ನಾರಿಸ್ ಬಿಟ್ಟುಕೊಟ್ಟರು, ಪಿಯಾಸ್ಟ್ರಿಗೆ ವೃತ್ತಿಜೀವನದ ಮೊದಲ ಗೆಲುವು. ತಂಡ ಕೇಳದೆ ಸುಮ್ಮನಿದ್ದಿದ್ದರೆ? ತಂತ್ರ ಅನ್ನುತ್ತಿದ್ದರು, ಯಾರೂ ಏನೂ ಸಾಬೀತು ಮಾಡಲು ಆಗುತ್ತಿರಲಿಲ್ಲ. ಮೆಕ್‌ಲಾರೆನ್ ತನ್ನ ಇಬ್ಬರು ಚಾಲಕರಿಗೆ ಹಾಕಿಕೊಂಡ ‘ಪಪಾಯ ರೂಲ್ಸ್’ ಬಗ್ಗೆ ಎಷ್ಟೇ ನಗಲಿ, ಎಲ್ಲವನ್ನೂ ಮೈಕ್ ಮುಂದೆ ಮಾಡುವ ಧೈರ್ಯ ಅವರಿಗಿದೆ. ಹಾಗಿದ್ದೂ ಅನುಮಾನ ತಪ್ಪಲಿಲ್ಲ. ಆಸ್ಟ್ರೇಲಿಯಾದ ಸೆನೆಟರ್ ಒಬ್ಬರು ಅಲ್ಲಿನ ಸಂಸತ್ತಿನ ಸಮಿತಿಯಲ್ಲೇ, ಮೆಕ್‌ಲಾರೆನ್ ನಮ್ಮ ಪಿಯಾಸ್ಟ್ರಿ ವಿರುದ್ಧ ಪಕ್ಷಪಾತ ಮಾಡುತ್ತಿದೆಯಾ ಎಂದು ಕೇಳಿಬಿಟ್ಟರು.

ನನ್ನ ಅಳಿಯನ ಗೆರೆ ದಾಟುವ ಪ್ರಕರಣಗಳು ಬೇರೆ. 2024ರ ಸಿಂಗಪುರದಲ್ಲಿ ತೀರಾ ಹಿಂದಿದ್ದ ಡೇನಿಯಲ್ ರಿಕಾರ್ಡೊ ಕೊನೆಗೆ ಹೊಸ ಮೆತ್ತನೆ ಟೈರ್ ಹಾಕಿಸಿಕೊಂಡು ಅತಿವೇಗದ ಸುತ್ತು ಹೊಡೆದರು. ಮೊದಲ ಹತ್ತರೊಳಗೆ ಇಲ್ಲದ್ದರಿಂದ ಅವರಿಗೆ ಅಂಕ ಇಲ್ಲ. ಆದರೆ ರೇಸ್ ಗೆದ್ದ ನಾರಿಸ್‌ಗೆ ಬರಬೇಕಿದ್ದ ಒಂದು ಅಂಕ ತಪ್ಪಿತು. ರಿಕಾರ್ಡೊ ತಂಡದ ಮಾಲೀಕರೂ ರೆಡ್‌ಬುಲ್ಲೇ. ವರ್ಸ್ಟಾಪನ್ ರೇಡಿಯೊದಲ್ಲೇ ಥ್ಯಾಂಕ್ಸ್ ಹೇಳಿದರು. ರಿಕಾರ್ಡೊಗೆ ಅದು ಕೊನೆಯ ರೇಸ್, ಖುಷಿಗೆ ಒಂದು ಸುತ್ತು ಕೊಟ್ಟೆವು ಎಂಬ ಸಮಜಾಯಿಷಿ ಬಂತು. ಇರಬಹುದು. 2025ರಿಂದ ಅತಿವೇಗದ ಸುತ್ತಿನ ಆ ಅಂಕವೇ ರದ್ದಾಯಿತು. ನನಗೆ ನಿಜವಾಗಿ ಇರಿಸುಮುರಿಸು ಆಗುವುದು ಇಂಥದ್ದರಲ್ಲಿ. ಒಬ್ಬರದೇ ಎರಡು ತಂಡ ಅಂದಮೇಲೆ ಆದೇಶ ಕೊಡುವ ಅಗತ್ಯವೇ ಇಲ್ಲ. ಚಾಲಕನಿಗೆ ಮುಂದಿನ ವರ್ಷದ ಸಂಬಳ ಯಾರ ಕೈಯಲ್ಲಿದೆ ಅಂತ ಗೊತ್ತಿರುತ್ತದೆ.

2026ರ ನಿಯಮಗಳಲ್ಲಿ ಈ ಜಾಗ ಇನ್ನೂ ದೊಡ್ಡದಾಗಿದೆ. 11 ತಂಡ, 22 ಕಾರು. ಅದರಲ್ಲಿ ಮರ್ಸಿಡಿಸ್ ಎಂಜಿನ್ ನಾಲ್ಕು ತಂಡಗಳಿಗೆ, ಫೆರಾರಿಯದು ಮೂರಕ್ಕೆ. ಕಾರಿನ ವಿದ್ಯುತ್ ಮೋಟಾರಿನ ಶಕ್ತಿ 120 ಕಿಲೊವ್ಯಾಟ್‌ನಿಂದ 350ಕ್ಕೆ ಏರಿದೆ. ಹೆಚ್ಚು ಕಡಿಮೆ ಅರ್ಧ ಶಕ್ತಿ ಬ್ಯಾಟರಿಯಿಂದಲೇ ಬರಬೇಕು. ನೇರ ರಸ್ತೆಯ ಮಧ್ಯದಲ್ಲಿ ಬ್ಯಾಟರಿ ಖಾಲಿಯಾದ ಕಾರನ್ನು ಹಿಂದಿನವನು ಆರಾಮವಾಗಿ ದಾಟುತ್ತಾನೆ. ಬ್ಯಾಟರಿ ತಾನಾಗಿ ಖಾಲಿ ಆಯಿತೋ, ಖಾಲಿ ಮಾಡಿಸಿದರೋ? ಟಿವಿ ನೋಡುವವನಿಗೆ ಎರಡೂ ಒಂದೇ ಥರ ಕಾಣುತ್ತೆ. ಇಂಧನ ಉಳಿಸು ಅನ್ನುವ ಹಳೆಯ ನೆಪದ ಜಾಗಕ್ಕೆ ಬ್ಯಾಟರಿ ಬಂದರೆ ನನಗೇನೂ ಆಶ್ಚರ್ಯ ಇಲ್ಲ.

ಆದರೆ ಎಫ್‌ಐಎಗೆ ಎರಡೂ ಒಂದೇ ಥರ ಕಾಣುವುದಿಲ್ಲ. ಎಲ್ಲ ಕಾರುಗಳಲ್ಲೂ ಇರುವುದು ಒಂದೇ ಮಾದರಿಯ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ. ಯಾವ ತಿರುವಿನಲ್ಲಿ ಎಷ್ಟು ಶಕ್ತಿ ಹೋಯಿತು, ಸ್ಟೀರಿಂಗ್ ಎಷ್ಟು ತಿರುಗಿತು, ಚಾಲಕ ಯಾವ ಸ್ವಿಚ್ ಒತ್ತಿದ ಎಲ್ಲವೂ ದಾಖಲಾಗುತ್ತದೆ. ದಂಡ ಹಾಕಿದಾಗ ಕಾರಣ ಬರೆದ ಕಾಗದವನ್ನು ಅದು ಹೇಗೂ ಎಲ್ಲರಿಗೂ ಸಿಗುವಂತೆ ಪ್ರಕಟಿಸುತ್ತದೆ. ಪಟ್ಟಕ್ಕೆ ಹೋರಾಡುವವನಿಗೆ ಅನುಮಾನ ಬರುವ ಹಾಗೆ ಜಾಗ ಬಿಟ್ಟುಹೋದಾಗಲೂ ಅಂಥದ್ದೇ ಒಂದು ಕಾಗದ ಬಂದರೆ ಆಯಿತು. ಕತಾರ್‌ನ ರಾತ್ರಿ ಒಂದು ಗಂಟೆಯೊಳಗೆ ಆ ತಿರುವಿನ ಮಾಹಿತಿ ಹೊರಬಂದಿದ್ದರೆ ಆಂಟೊನೆಲ್ಲಿಗೆ ಬಂದ ಬೆದರಿಕೆಗಳಲ್ಲಿ ಅರ್ಧ ಹುಟ್ಟುತ್ತಲೇ ಇರಲಿಲ್ಲ. ತಂಡಗಳು ಒಪ್ಪುವುದು ಕಷ್ಟ. ಶಕ್ತಿಯ ಲೆಕ್ಕ ನಮ್ಮ ಗುಟ್ಟು, ಎದುರಾಳಿಗೆ ಸಿಗಬಾರದು ಅನ್ನುತ್ತವೆ. ಒಂದೇ ಒಂದು ತಿರುವಿನ ಲೆಕ್ಕ ಕೊಟ್ಟರೆ ಯಾವ ಗುಟ್ಟು ಹೋಗುತ್ತೆ ಅಂತ ಅವರನ್ನು ಕೂರಿಸಿ ಕೇಳುವವರು ಮಾತ್ರ ಇನ್ನೂ ಕಂಡಿಲ್ಲ.